ಬಾಗಿಲು ಹಾಕುವ ಮುಂಚಿನ ಹಾಡು

ಅವರು ಎತ್ತರವಾಗಿದ್ದರೋ ಗಿಡ್ಡಗಿದ್ದರೋ ನನಗೆ ಹೇಳಲು ಬರುವುದಿಲ್ಲ. ಎರಡು ವರ್ಷ ಒಂದೇ ಕೋಣೆಯಲ್ಲಿ ಅವರ ಜೊತೆ ಕೆಲಸ ಮಾಡಿದ್ದೇನೆ. ಆದರೂ ಅವರು ನಿಂತದ್ದನ್ನು ನೋಡಿದ ನೆನಪು ಬಹಳ ಕಡಿಮೆ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರು ಫರಸಿ ಕಲ್ಲಿನ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಒಂದು ಕಾಲು ಚಾಚಿ ಕೂತಿರುತ್ತಿದ್ದರು. ನಾನು ಹೊರಡುವಾಗಲೂ ಹಾಗೇ ಇರುತ್ತಿದ್ದರು. ಅವರ ತಲೆ ತಾಗುವ ಕಡೆ ಸುಣ್ಣದ ಗೋಡೆಗೆ ಅಂಗೈ ಅಗಲದ ಎಣ್ಣೆಯ ಕಲೆ ಬಿದ್ದಿತ್ತು. ವರ್ಷಕ್ಕೊಮ್ಮೆ ಸುಣ್ಣ ಬಳಿದರೂ ಅದು ವಾರದೊಳಗೆ ಮತ್ತೆ ಮೇಲಕ್ಕೆ ಬರುತ್ತಿತ್ತು. ಅವರ ಮುಖಕ್ಕಿಂತ ಆ ಕಲೆಯೇ ನನಗೆ ಹೆಚ್ಚು ಚೆನ್ನಾಗಿ ನೆನಪಿದೆ.

ಕಮಲಾಪುರದಿಂದ ಕೆಂಬಾಳೆಹಣ್ಣು ತಂದು ಮಾರುವವನೊಬ್ಬ ಹೋದ ತಿಂಗಳು ಬುಟ್ಟಿ ಇಳಿಸುತ್ತ, ಅವರು ತೀರಿಕೊಂಡರೆಂದು ಹೇಳಿದ. ಯಾವಾಗ ಎಂದು ಕೇಳಿದೆ. "ನಾಕು ವರ್ಷ ಆತೇನೋ ನೋಡ್ರಿ," ಎಂದ. ನಾಲ್ಕು ವರ್ಷ ಹಳೆಯ ಸಾವಿಗೆ ಏನು ಮಾಡಬೇಕೆಂದು ತಿಳಿಯದೆ ಒಂದು ಡಜನ್ ಹಣ್ಣು ಕೊಂಡೆ.

ನಿಜಾಮರ ಕಾಲ. ಕಲಬುರಗಿಯ ಕೋಟೆಯ ಕಂದಕಕ್ಕೆ ಬೆನ್ನು ಹಾಕಿದ್ದ ಹಳೆಯ ಬಾಡಿಗೆ ವಾಡೆಯೊಂದರಲ್ಲಿ ಊರಿನ ಕೆಲವರು ಸೇರಿ ಖಾಸಗಿ ಶಾಲೆ ನಡೆಸುತ್ತಿದ್ದರು. ಅದರ ಎಲ್ಲಕ್ಕಿಂತ ಕೆಳಗಿನ ತರಗತಿಗೆ ಆಗಿನ ಮಾತಿನಲ್ಲಿ ಸಗೀರ ಎನ್ನುತ್ತಿದ್ದರು. ಮೂರರಿಂದ ಐದು ವರ್ಷದ ಮಕ್ಕಳು. ಅಕ್ಷರ ಕಲಿಯುವ ವಯಸ್ಸಲ್ಲ. ತಾಯಂದಿರು ಬೇಳೆ ಒಡೆಯಲು, ಶೇಂಗಾ ಸುಲಿಯಲು ಹೋಗುತ್ತಿದ್ದರು; ಅಲ್ಲಿಯವರೆಗೆ ಮಕ್ಕಳನ್ನು ಇಟ್ಟು ಹೋಗಲು ಒಂದು ಜಾಗ ಬೇಕಾಗಿತ್ತು. ಪರದೆಯ ಮನೆಗಳವರೂ ಕಳಿಸುತ್ತಿದ್ದರು, ಕಲಿಸುವವರು ಹೆಂಗಸು ಎಂಬ ಧೈರ್ಯದಿಂದ. ಅರ್ಧ ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು, ಇನ್ನರ್ಧ ಉಸ್ತಾನಿಮಾ. ಅವರ ನಿಜ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಇಲ್ಲಿಯೂ ಅಕ್ಕೋರು ಎಂದೇ ಬರೆಯುತ್ತೇನೆ.

ನನಗೆ ಆಗ ಹತ್ತೊಂಬತ್ತು. ಹಾಜರಿ ಪುಸ್ತಕ ಉರ್ದುವಿನಲ್ಲಿ ಇರಬೇಕೆಂದು ಸರ್ಕಾರದ ನಿಯಮ. ಅಕ್ಕೋರಿಗೆ ಉರ್ದು ಮಾತು ಬರುತ್ತಿತ್ತು, ಬರಹ ಬರುತ್ತಿರಲಿಲ್ಲ. ಹೀಗಾಗಿ ಬೆಳಗಿನ ಹೊತ್ತು ಸಗೀರದ ಮೂಲೆಯಲ್ಲಿ ಕೂತು ಹಾಜರಿ ತುಂಬುವುದು ನನ್ನ ಪಾಲಿಗೆ ಬಂತು. ಹೆಸರಿಗೆ ಸಹಾಯಕ ಮಾಸ್ತರ. ಮಕ್ಕಳು ನನ್ನನ್ನು ಮೇಜಿನಂತೆ ಬಳಸುತ್ತಿದ್ದರು.

ಅವರು ಕಲಿಸುತ್ತಿದ್ದುದು ಹಾಡು. ಹಾಡು ಬಿಟ್ಟರೆ ಬೇರೇನೂ ಇಲ್ಲ. ಕಾಗೆಯ ಹಾಡು, ರೊಟ್ಟಿಯ ಹಾಡು, ಕೈ ತೊಳೆಯುವ ಹಾಡು, ಅಳುವವನನ್ನು ಸುಮ್ಮನಾಗಿಸುವ ಹಾಡು. ಅವರ ದನಿ ಮಾತ್ರ ಹಾಡಿನ ದನಿಯಲ್ಲ. ಒಣ ಜೋಳ ಬೀಸಿದಂತಿತ್ತು. ಒಂದು ದಿನ ಹೆಡ್ ಮಾಸ್ತರರೇ ತಡೆಯಲಾರದೆ ಕೇಳಿದರು.

"ಅಕ್ಕೋರ, ನಿಮಗ ಸ್ವರ ಅನ್ನೂದು ಒಂಚೂರೂ ಇಲ್ಲಲ್ರಿ. ಹ್ಯಾಂಗ ಕಲಸ್ತೀರಿ?"

"ನನಗ ಹಾಡ್ಲಾಕ ಬರತಿದ್ರ ಹುಡುಗ್ರು ಕೇಳಕೋತ ಕುಂದರತಿದ್ರು ಸರ. ಬರೂದಿಲ್ಲಂತ ಅವ್ರ ಹಾಡತಾರ."

ಅವರು ಸಾಲನ್ನು ಅರ್ಧಕ್ಕೆ ಬಿಡುತ್ತಿದ್ದರು. ಮಕ್ಕಳು ಎಳೆದುಕೊಂಡು ಮುಗಿಸುತ್ತಿದ್ದರು. ಇದು ದೊಡ್ಡ ಬೋಧನಾ ಕ್ರಮ ಎಂದುಕೊಂಡು ನಾನು ಒಂದು ಕಡೆ ಬರೆದಿಟ್ಟಿದ್ದೆ. ಮುಂದೊಮ್ಮೆ ಹೇಳಿದಾಗ ಅವರು ಗೋಡೆಗೆ ತಲೆ ಒರಗಿಸಿ, "ಕ್ರಮ ಎಲ್ಲೀದ್ರಿ ಮಾಸ್ತರ, ದಮ್ಮ ಹತ್ತತದ," ಎಂದರು.

ಮೂರು ವರ್ಷದವರಿಗೆ ಕಲಿಸುವುದು ಎಷ್ಟು ಆಯಾಸದ ಕೆಲಸ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಒಂದು ಸಾಲನ್ನು ನೂರು ಸಲ ಹೇಳಬೇಕು. ನೂರಾ ಒಂದನೆಯ ಸಲ ಯಾರೋ ಒಬ್ಬ ಮೂಗು ಒರೆಸಿಕೊಂಡು, ಅದೇ ಈಗ ಕೇಳಿದವನಂತೆ, "ಅಂದ್ರ?" ಎನ್ನುತ್ತಾನೆ. ಅಕ್ಕೋರು ಸಿಟ್ಟಾದದ್ದನ್ನು ನಾನು ನೋಡಿಲ್ಲ. ತಾಳ್ಮೆ ಎಂದು ಕರೆಯಲೂ ಮನಸ್ಸಿಲ್ಲ. ಸಿಟ್ಟಾಗುವಷ್ಟು ಶಕ್ತಿ ಉಳಿದಿರಲಿಲ್ಲ ಎನ್ನುವುದೇ ಹತ್ತಿರದ ಮಾತು. ನಡುನಡುವೆ ಕಣ್ಣು ಮುಚ್ಚುತ್ತಿದ್ದರು. ಮಕ್ಕಳು ಅವರ ಚಾಚಿದ ಕಾಲನ್ನು ದಾಟಿ ಆಡುತ್ತಿದ್ದರು, ಹೊಸ್ತಿಲು ದಾಟಿದಂತೆ.

ಅವರ ಒಂದು ಹಾಡಿನ ವಿಷಯ ಮಾತ್ರ ಇಲ್ಲಿ ವಿವರವಾಗಿ ಹೇಳಬೇಕು.

ಪ್ಲೇಗು ಬಂದು ಹೋಗಿ ಬಹಳ ದಿನ ಆಗಿರಲಿಲ್ಲ. ಆ ದಿನಗಳಲ್ಲಿ ಸರ್ಕಾರದ ಜನ ಮನೆಮನೆಗೆ ಬಂದು ತಲೆ ಎಣಿಸಿ, ಬಾಗಿಲಿಗೆ ಸುಣ್ಣದ ಗುರುತು ಹಾಕಿ ಹೋಗುತ್ತಿದ್ದರು. ಎಣಿಸಿದ ಮನೆಯಲ್ಲಿ ಮರುವಾರ ಎಣಿಕೆ ಕಡಿಮೆಯಾಗುತ್ತಿತ್ತು. ಮಕ್ಕಳನ್ನು ಎಣಿಸಬಾರದು ಎಂಬುದು ಮೊದಲಿನಿಂದಲೂ ಇದ್ದ ನಂಬಿಕೆ. ಪ್ಲೇಗಿನ ನಂತರ ಅದು ಕಾನೂನಾಯಿತು. ಎಣ್ಣೆ ಗಾಣದ ಮನೆಯ ಒಬ್ಬ ಮುದುಕಿ, ನಾಲ್ಕು ವರ್ಷದ ಮೊಮ್ಮಗಳು ತಂಗೆಮ್ಮನನ್ನು ಮೊದಲ ದಿನ ಬಿಡಲು ಬಂದಾಗ, ನನ್ನ ಕೈಯಲ್ಲಿನ ಪುಸ್ತಕ ನೋಡಿ ಬಾಗಿಲಲ್ಲೇ ನಿಂತಳು.

"ಹುಡುಗ್ರನ ಕುರಿ ಎಣಿಸಿದಂಗ ಎಣಸತೀರೇನು?"

"ಇಲ್ಲವ್ವಾ, ಹಾಡಿಸ್ತೀವಿ," ಎಂದರು ಅಕ್ಕೋರು.

"ಹಾಡೂದು ಚಲೋ. ಎಣಿಸಿದ್ದು ನನ್ನ ಕಿವಿಗಿ ಬಿತ್ತಂದ್ರ ಹುಡುಗೀನ ಅವತ್ತ ಕರಕೊಂಡು ಹೋಗಾಕಿ ನಾ."

ಆದರೆ ಎಣಿಸದೆ ನಡೆಯುವುದು ಹೇಗೆ? ವಾಡೆಯ ಹಿಂದೆ ಬೇವಿನ ಮರ, ಮರದಾಚೆ ಮುರಿದ ಗೋಡೆ, ಗೋಡೆಯಾಚೆ ಕಂದಕ. ಮಕ್ಕಳನ್ನು ದಿನಕ್ಕೊಮ್ಮೆ ನೀರಿಗೆ, ಆಟಕ್ಕೆ ಅಲ್ಲಿ ಬಿಡಲೇಬೇಕು. ಮತ್ತೆ ಒಳಗೆ ಬಂದಾಗ ಎಲ್ಲರೂ ಬಂದರೇ ಎಂದು ನೋಡಲೇಬೇಕು. ಅದಕ್ಕೆಂದು ಅಕ್ಕೋರು ಕಟ್ಟಿದ ಹಾಡು ಇದು:

ಬಾಗಲಾ ಬಾಗಲಾ, ಯಾರ್‌ಯಾರು ಒಳಗ?
ಗೌರಿ ಬಂದಾಳ, ಗೆಜ್ಜಿ ತಂದಾಳ.
ಹುಸೇನ ಬಂದಾನ, ಹುಣಸೀಕಾಯಿ ತಂದಾನ.
ತಂಗೆಮ್ಮ ಬಂದಾಳ, ತೊಗರಿ ತಂದಾಳ...

ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ತನ್ನ ಸಾಲನ್ನು ತಾನೇ ಹೇಳಬೇಕು. ಕೊನೆಗೆ ಎಲ್ಲರೂ ಸೇರಿ, "ಎಲ್ಲಾರೂ ಬಂದಾರ, ಬಾಗಲಾ ಹಾಕೋ." ಆಗ ಹಿಂಬಾಗಿಲಿನ ಅಗಳಿ ಬೀಳುತ್ತಿತ್ತು. ಹೊಸ ಮಗು ಬಂದರೆ ಹೊಸ ಸಾಲು ಹುಟ್ಟುತ್ತಿತ್ತು. ಏನು ತರಬೇಕು ಎಂಬುದರ ಬಗ್ಗೆ ದೊಡ್ಡ ವಾದ ನಡೆಯುತ್ತಿತ್ತು. ಬಸ್ಯಾ ಎಂಬ ಹುಡುಗನಿಗೆ ಅಕ್ಕೋರು ಬದನೆಕಾಯಿ ಕೊಟ್ಟಿದ್ದರು. ಅವನು ಒಪ್ಪಲಿಲ್ಲ.

"ನಾ ಕುದುರಿ ತರತೀನಿ."

"ಕುದುರಿ ಬಾಗಲದಾಗ ಹಿಡಸೂದಿಲ್ಲಪಾ."

"ಹೊರಗ ಕಟ್ಟತೀನಿ."

ಅಕ್ಕೋರು ಸ್ವಲ್ಪ ಹೊತ್ತು ಯೋಚಿಸಿದರು. ಮರುದಿನದಿಂದ, "ಬಸ್ಯಾ ಬಂದಾನ, ಕುದುರಿ ಹೊರಗ ಕಟ್ಟ್ಯಾನ," ಎಂದಾಯಿತು. ತಪಾಸಣೆಗೆ ಬಂದ ಸಾಹೇಬರ ಮುಂದೆ ಬಸ್ಯಾ ಇದನ್ನು ಎದೆಯುಬ್ಬಿಸಿ ಹೇಳಿದ. ಸಾಹೇಬರು ಒಳ್ಳೆಯವರು, ನಕ್ಕರು. ಆಮೇಲೆ, ಇದು ಪಾಠವೋ ಆಟವೋ ಎಂದು ತಮ್ಮ ಮಾತಿನಲ್ಲಿ ಕೇಳಿದರು: "ಉಸ್ತಾನಿಜಿ, ಇದು ತಾಲೀಮ್ ಏನು, ತಮಾಷಾ ಏನು?"

"ಮೂರು ವರ್ಷದವ್ರಿಗಿ ಎರಡೂ ಒಂದ ಸಾಹೇಬರ."

ಸಾಹೇಬರು ಷರಾದಲ್ಲಿ ತಮಾಷಾ ಎಂದೇ ಬರೆದರು. ಅಲ್ಲಿಂದ ಕಷ್ಟ ಶುರುವಾಯಿತು. ಶಾಲೆಯ ಪರವಾನಗಿ ಮೇಲಿನ ಮೂರು ತರಗತಿಗೆ ಮಾತ್ರ ಇತ್ತು. ಸಗೀರ ಕಣ್ಣು ಮುಚ್ಚಿ ಬಿಟ್ಟದ್ದು. ದೊಡ್ಡ ಹುಡುಗರಿಗೆ ಕೋಣೆ ಸಾಲುತ್ತಿರಲಿಲ್ಲ. ಸಗೀರ ಮುಚ್ಚಿ ಆ ಕೋಣೆಯನ್ನು ಬಳಸಿಕೊಳ್ಳೋಣವೆಂದು ಶಾಲೆ ನಡೆಸುವವರ ಕಮಿಟಿಯಲ್ಲಿ ಕೆಲವರು ಹೇಳತೊಡಗಿದರು. ಅಕ್ಕೋರಿಗೆ ಇದು ತಿಳಿದಿತ್ತು. ಆ ಕೋಣೆ ಹೋದರೆ ಅವರಿಗೆ ಕಮಲಾಪುರದ ಅಣ್ಣನ ಮನೆಯ ಅಡುಗೆಮನೆ ಬಿಟ್ಟು ಬೇರೆ ಜಾಗವಿರಲಿಲ್ಲ. ಅವರು ಹಾಗೆ ಹೇಳಿದವರಲ್ಲ. ಶುಕ್ರವಾರದ ರಜೆಗೆ ಕಮಲಾಪುರಕ್ಕೆ ಹೋಗಿ ಶನಿವಾರ ಬೆಳಿಗ್ಗೆ ಸರ್ವಿಸ್ ಮೋಟಾರಿನಲ್ಲಿ ಬರುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ನಿರಾಳವನ್ನು ನೋಡಿ ನಾನು ಊಹಿಸಿದ್ದು. ಕೆಂಬಾಳೆಹಣ್ಣು ತಂದಿರುತ್ತಿದ್ದರು. ಚಾಕುವಿನಿಂದ ಸಣ್ಣ ಸಣ್ಣ ತುಂಡು ಮಾಡಿ ಮಕ್ಕಳ ಬಾಯಿಗೆ ಇಡುತ್ತ, "ಮನಿ ಭಾಳ ದೂರ ಅದ್ರಿ," ಎನ್ನುತ್ತಿದ್ದರು. ಕಮಲಾಪುರದಿಂದ ಇಲ್ಲಿಗೋ, ಇಲ್ಲಿಂದ ಕಮಲಾಪುರಕ್ಕೋ, ಕೇಳಬೇಕೆಂದು ಆಗ ಹೊಳೆಯಲಿಲ್ಲ.

ಅವರಿಗೆ ಮಕ್ಕಳಿದ್ದವೇ? ಪ್ಲೇಗಿನಲ್ಲಿ ಹೋದವೆಂದು ಶಾಲೆಯ ಜವಾನ ಹೇಳುತ್ತಿದ್ದ. ಹುಟ್ಟಲೇ ಇಲ್ಲವೆಂದು ಹೆಡ್ ಮಾಸ್ತರರ ಹೆಂಡತಿ ಹೇಳುತ್ತಿದ್ದರು. ಮೊದಲನೆಯದು ಬರವಣಿಗೆಗೆ ಅನುಕೂಲವಾಗಿದೆ, ಹಾಡಿಗೊಂದು ಕಾರಣ ಸಿಕ್ಕಂತಾಗುತ್ತದೆ. ಅನುಕೂಲವಾಗಿದೆ ಎಂಬುದಕ್ಕೇ ನಾನು ಅದನ್ನು ನಂಬುವುದಿಲ್ಲ. ವಿಧವೆ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತಿತ್ತು.

ಹಾಡಿನ ಇನ್ನೊಂದು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಜ್ವರ ಬಂದೋ, ಊರಿಗೆ ಹೋಗಿಯೋ ಒಂದು ಮಗು ಬಾರದಿದ್ದರೆ, ಅದರ ಸಾಲನ್ನು ಬಿಡುತ್ತಿರಲಿಲ್ಲ. ಉಳಿದವರಲ್ಲಿ ಯಾರಾದರೂ ಹೇಳುತ್ತಿದ್ದರು. "ಬಾರದವರ ಸಾಲು ಬಂದವರು ಹೇಳಬೇಕು," ಎಂದು ಅಕ್ಕೋರೇ ಕಲಿಸಿದ್ದರು. ಏಕೆಂದು ಕೇಳಿದಾಗ, "ಇಲ್ಲಂದ್ರ ತಾಳ ತಪ್ಪತದ್ರಿ," ಎಂದಷ್ಟೇ ಹೇಳಿದ್ದರು. ಮಕ್ಕಳಿಗೆ ಇದು ಹಬ್ಬ. ಬಾರದ ಗೆಳೆಯನ ಹುಣಸೀಕಾಯಿಯನ್ನು ತಾನು ಹೊತ್ತು ತರುವುದು ಸಣ್ಣ ಮಾತೇ? ಎಲ್ಲರಿಗೂ ಎಲ್ಲರ ಸಾಲೂ ಬಾಯಿಪಾಠವಾಗಿತ್ತು. ಹಾಗೆ ಬೇರೊಬ್ಬರ ಬಾಯಲ್ಲಿ ಸಾಲು ಬಂದಾಗ ಅಕ್ಕೋರು ನನ್ನ ಕಡೆ ತಿರುಗಿ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ನಾನು ಆ ಹೆಸರಿನ ಮುಂದೆ ಗೈರುಹಾಜರಿ ಬರೆಯುತ್ತಿದ್ದೆ. ಅವರು ಹಾಡು ಕೇಳುತ್ತಿರಲಿಲ್ಲ, ಹಾಡುವ ಬಾಯಿ ನೋಡುತ್ತಿದ್ದರು. ನಾನು ಪುಸ್ತಕ ನೋಡುತ್ತಿದ್ದೆ.

ಚೈತ್ರದ ಬಿಸಿಲು. ಬೆಳಿಗ್ಗೆ ಹತ್ತರ ಸುಮಾರಿಗೆ ಕಮಿಟಿಯವರು ಮೇಲಿನ ಕೋಣೆಗೆ ಬಂದು ಕೂತರು, ಸಗೀರದ ಮಾತು ಇವತ್ತೇ ತೀರಿಸುತ್ತೇವೆಂದು. ಅಕ್ಕೋರನ್ನು ಕರೆಸಿದರು. ಅವರು ಕೈ ನೆಲಕ್ಕೆ ಊರಿ, "ಎಪ್ಪಾ ಶಿವನೇ," ಎಂದು ಎದ್ದರು.

"ಮಾಸ್ತರ, ಹುಡುಗ್ರನ ನೀರಿಗಿ ಬಿಡ್ರಿ. ಆಮ್ಯಾಲ ಒಳಗ ಕರದು ಹಾಡ ಹೇಳಸರಿ. ಮುಖ ನೋಡಿ ಬಾಗಲಾ ಹಾಕರಿ."

ಕೊನೆಯ ಮಾತನ್ನು ಅವರು ಹೇಳಿದರೇ? ಹೇಳಿದರೆಂದು ಇಷ್ಟು ವರ್ಷ ಅಂದುಕೊಂಡಿದ್ದೇನೆ. ನನ್ನನ್ನು ಇನ್ನಷ್ಟು ತಪ್ಪಿತಸ್ಥನನ್ನಾಗಿ ಮಾಡಿಕೊಳ್ಳಲು ನಾನೇ ಸೇರಿಸಿದ್ದೂ ಇರಬಹುದು. ತಪ್ಪು ದೊಡ್ಡದಾದಷ್ಟೂ ಅದನ್ನು ಮಾಡಿದವನು ತನ್ನನ್ನು ದೊಡ್ಡವನೆಂದುಕೊಳ್ಳುತ್ತಾನೆ.

ಮಕ್ಕಳನ್ನು ಬಿಟ್ಟೆ. ಬೇವಿನ ಮರದ ಕೆಳಗೆ ಗದ್ದಲ ಮಾಡಿದರು. ಕರೆದೆ. ಬಂದರು. ನನ್ನ ತೊಡೆಯ ಮೇಲೆ ಹಾಜರಿ ಪುಸ್ತಕವಿತ್ತು; ಮೂರು ದಿನದ ಅಂಕಣ ತುಂಬದೆ ಉಳಿದಿತ್ತು, ಕಮಿಟಿಯವರು ಕೆಳಗಿಳಿದು ಬಂದು ನೋಡಿದರೆ ಎಂಬ ಹೆದರಿಕೆ. ಬರೆಯುತ್ತಲೇ, "ಬಾಗಲಾ ಬಾಗಲಾ," ಎಂದೆ. ಮಕ್ಕಳು ಹಿಡಿದುಕೊಂಡರು. ಗೌರಿ ಗೆಜ್ಜೆ ತಂದಳು. ಹುಸೇನ ಹುಣಸೀಕಾಯಿ ತಂದ. ತಂಗೆಮ್ಮ ತೊಗರಿ ತಂದಳು. ಬಸ್ಯಾ ಕುದುರೆಯನ್ನು ಹೊರಗೆ ಕಟ್ಟಿದ. ಒಂದು ಸಾಲೂ ಬೀಳಲಿಲ್ಲ, ತಾಳವೂ ತಪ್ಪಲಿಲ್ಲ. ನನಗೆ ಸಂತೋಷವೇ ಆಯಿತು. ಎದ್ದು ಅಗಳಿ ಹಾಕಿದೆ. ಎಲ್ಲ ಹೆಸರಿನ ಮುಂದೂ ಹಾಜರಿ ಬರೆದೆ.

ಮಧ್ಯಾಹ್ನ ಮುಂಬಾಗಿಲಿನಿಂದ ಮಕ್ಕಳು ಅವರವರ ಮನೆಯವರ ಜೊತೆ, ಓಣಿಯ ದೊಡ್ಡ ಮಕ್ಕಳ ಜೊತೆ ಹೋದರು. ಎಲ್ಲರೂ ಹೋದ ಮೇಲೆ ಗಾಣದ ಮನೆಯ ಮುದುಕಿ ಬಂದಳು.

"ನಮ್ಮ ತಂಗೆಮ್ಮ ಎಲ್ಲೆದಾಳ್ರಿ?"

"ಹೋಗಿರಬೇಕಲ್ಲ ಆಯಿ. ಹಾಡ ಹೇಳ್ಯಾಳಲ್ಲ."

"ಹಾಡ ಹೇಳಿದ್ದಿರ್ಲಿ ತಮ್ಮಾ. ಹುಡುಗಿ ಎಲ್ಲಿ?"

ಅಕ್ಕೋರು ಆಗಲೇ ಮೇಲಿನಿಂದ ಮೆಟ್ಟಿಲು ಇಳಿಯುತ್ತಿದ್ದರು. ಅವರ ಮುಖದಲ್ಲಿ ಏನೋ ಹೇಳುವುದಿತ್ತು. ಮುದುಕಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಪುಸ್ತಕ ತೆರೆದು ತಂಗೆಮ್ಮನ ಹೆಸರಿನ ಮುಂದಿನ ಗುರುತು ತೋರಿಸಿದೆ. ಅವರು ಅದನ್ನು ನೋಡಲಿಲ್ಲ.

"ಯಾರ ಹೇಳಿದ್ರು ಆಕಿ ಸಾಲು?"

"ಆಕೀನ..." ಎಂದೆ.

"ನೋಡೀರಿ?"

ನಾನು ಪುಸ್ತಕ ಮುಚ್ಚಿದೆ. ಅವರು ಹಿಂಬಾಗಿಲಿನ ಅಗಳಿ ತೆಗೆದು ಓಡಿದರು. ಅದೊಂದು ಸಲ ಅವರು ಓಡಿದ್ದನ್ನು ನೋಡಿದ್ದೇನೆ.

ಕಂದಕದಲ್ಲಿ ನೀರು ಇಳಿದಿತ್ತು, ಕೆಸರು ಮತ್ತು ಜಾಲಿ. ಹುಡುಕಲು ಎಷ್ಟು ಹೊತ್ತು ಹಿಡಿಯಿತೋ, ಗಂಟೆಗಳ ಲೆಕ್ಕದಲ್ಲಿ ನನಗೆ ಹೇಳಲು ಬರುವುದಿಲ್ಲ. ಮುದುಕಿ ಗೋಡೆಯ ಮೇಲೆ ನಿಂತು, "ತಂಗಿ, ತಂಗೀ," ಎಂದು ಒಂದೇ ದನಿಯಲ್ಲಿ ಕರೆಯುತ್ತಿದ್ದಳು. ಎಮ್ಮೆ ಮೇಯಿಸುವವನೊಬ್ಬ ಕೊನೆಗೆ ಆ ಕಡೆಯ ದಂಡೆಯಿಂದ ಕೂಗಿದ. ಮರಿಮೇಕೆಯೊಂದರ ಹಿಂದೆ ಇಳಿದ ಹುಡುಗಿ ಜಾರಿ, ಗೋಡೆಯಿಂದ ಬಿದ್ದ ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡಿದ್ದಳು. ಅತ್ತು ಅತ್ತು ದನಿ ಹೋಗಿತ್ತು. ಅಕ್ಕೋರು ಕೆಸರಿನಲ್ಲಿ ಮೊಣಕಾಲೂರಿ ಕಲ್ಲು ಸರಿಸಿದರು, ನಾನೂ ಕೈ ಹಚ್ಚಿದೆ. ಎಲುಬು ಕಟ್ಟುವವ ಬಂದು ಬಿದಿರಿನ ಪಟ್ಟಿ ಕಟ್ಟಿದ. ಹುಡುಗಿ ಬದುಕಿದಳು. ಕಾಲು ಮಾತ್ರ ನೇರ ಕೂಡಲಿಲ್ಲ.

ಮರುದಿನ ಬೆಳಿಗ್ಗೆ ಹೆಡ್ ಮಾಸ್ತರರ ಕೋಣೆ. ಕಮಿಟಿಯ ಇಬ್ಬರು ಕೂತಿದ್ದರು. ಒಬ್ಬರು ಅರಿವೆ ಅಂಗಡಿಯ ಸಾವಕಾರರು, ಅವರೇ ಕೇಳಿದರು.

"ಹಾಡ ಯಾರು ಹೇಳಸಿದ್ರು?"

ನಾನು ಪುಸ್ತಕವನ್ನು ಎದೆಗೆ ಹಿಡಿದು ನಿಂತಿದ್ದೆ.

"ಹಾಡ ನಂದರಿ," ಎಂದರು ಅಕ್ಕೋರು.

ಕೇಳಿದ್ದಕ್ಕೆ ಅದು ಉತ್ತರವಲ್ಲ. ಆದರೆ ಯಾರೂ ಎರಡನೆಯ ಸಲ ಕೇಳಲಿಲ್ಲ. ನಾನು ಬಾಯಿ ತೆರೆದೆ ಎಂದು ಒಂದು ಕಾಲದಲ್ಲಿ ನನಗೆ ಖಚಿತವಾಗಿ ನೆನಪಿತ್ತು. ಒಬ್ಬರಿಬ್ಬರಿಗೆ ಹಾಗೆ ಹೇಳಿಯೂ ಇದ್ದೇನೆ: ನಾನು ಹೇಳಹೊರಟೆ, ಹೆಡ್ ಮಾಸ್ತರರು ಕೈ ಎತ್ತಿ ತಡೆದರು ಎಂದು. ಹೆಡ್ ಮಾಸ್ತರರು ಕೈ ಎತ್ತಿದ್ದು ನೊಣ ಓಡಿಸಲು ಇರಬೇಕು. ನಾನು ಮಾತಾಡಲಿಲ್ಲ. ನನಗೆ ಹತ್ತೊಂಬತ್ತಾಗಿತ್ತು, ಆ ನೌಕರಿ ಬಿಟ್ಟರೆ ಬೇರೆ ಇರಲಿಲ್ಲ ಎಂಬುದು ನಿಜ, ಆದರೆ ಆ ಕ್ಷಣ ನಾನು ನೌಕರಿಯ ಬಗ್ಗೆ ಯೋಚಿಸುತ್ತಿದ್ದೆ ಎಂಬುದೂ ಆಮೇಲೆ ಹೊಂದಿಸಿಕೊಂಡದ್ದು. ಏನನ್ನೂ ಯೋಚಿಸುತ್ತಿರಲಿಲ್ಲ. ಸಾವಕಾರರು ನನ್ನ ಕಡೆ ನೋಡಬಾರದು ಎಂದಷ್ಟೇ ಬಯಸುತ್ತಿದ್ದೆ, ಅವರು ನೋಡಲಿಲ್ಲ.

ಕಮಿಟಿಯವರಿಬ್ಬರೂ ಹೋದ ಮೇಲೆ ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿದರು.

"ನಿನ್ನಿ ಎಷ್ಟು ಬಡದಾಡಿ ಒಪ್ಪಸಿದ್ರಿ ಅಕ್ಕೋರ. ಒಂದು ವರ್ಷ ನಡೀಲಿ ಅಂದಿದ್ರು. ಈಗ ಏನ ಹೇಳ್ಲಿ ನಾ?"

ಹಿಂದಿನ ದಿನ ಮೆಟ್ಟಿಲಿಳಿಯುವಾಗ ಅವರ ಮುಖದಲ್ಲಿದ್ದದ್ದು ಆ ಸುದ್ದಿ ಎಂದು ನನಗೆ ಆಗ ತಿಳಿಯಿತು.

"ಮುಚ್ಚಂತ ಅಂದಾರೇನ್ರಿ?"

"ಮುಚ್ಚಂತ ಅಂದಿಲ್ಲ. ಎಣಸಂತ ಅಂದಾರ. ದಿನಾ, ತಲಿ ಮುಟ್ಟಿ. ಹಾಡಗೀಡ ಬ್ಯಾಡ."

"ಎಣಿಸಿದ್ರ ತಾಯಂದ್ರು ಕಳಸೂದಿಲ್ರಿ."

"ಎಣಿಸಲಿಲ್ಲಂದ್ರ ಇವ್ರು ಬಿಡೂದಿಲ್ರಿ."

ಇಬ್ಬರಿಗೂ ಸಾಕಾಗಿತ್ತು.

ಮರುದಿನ ಅಕ್ಕೋರು ಎಣಿಸಿದರು. ಎದ್ದು ನಿಂತು, ಒಂದೊಂದು ತಲೆಯ ಮೇಲೆ ಕೈಯಿಟ್ಟು, "ಒಂದು, ಎರಡು, ಮೂರು." ಹಾಡುವ ದನಿಯೇ ಇಲ್ಲದವರು ಎಣಿಸುವಾಗ ಮಕ್ಕಳಿಗೆ ಅದೂ ಹೊಸ ಹಾಡು ಎನಿಸಿತು, ಸಾಲಿನ ಅರ್ಧ ತಾವು ಹೇಳಲು ಕಾದರು. ಅವರು ಅರ್ಧಕ್ಕೆ ಬಿಡಲಿಲ್ಲ. ಇಪ್ಪತ್ತೆರಡರವರೆಗೆ ತಾವೇ ಹೇಳಿದರು. ನಾನು ಪುಸ್ತಕದಲ್ಲಿ ಇಪ್ಪತ್ತೆರಡು ಬರೆದೆ. ಸುದ್ದಿ ಓಣಿಗೆ ಮುಟ್ಟಲು ಒಂದು ಮಧ್ಯಾಹ್ನ ಸಾಕಾಯಿತು. ಶನಿವಾರ ಹದಿಮೂರು ಮಕ್ಕಳು ಬಂದರು. ಮುಂದಿನ ವಾರ ಒಂಬತ್ತು. ಮೊದಲು ಬಿಡಿಸಿದವರು ಪರದೆಯ ಮನೆಯವರೋ ಗಾಣದ ಓಣಿಯವರೋ ಎಂದು ಆಗ ಶಾಲೆಯಲ್ಲಿ ವಾದವಿತ್ತು. ನನಗೆ ಕಂಡದ್ದು ಎಲ್ಲರೂ ಒಟ್ಟಿಗೇ ಬಿಡಿಸಿದ್ದು.

ತಂಗೆಮ್ಮನ ಅಜ್ಜಿ ಒಂದು ದಿನ ಮೊಮ್ಮಗಳು ಸುಮ್ಮನೆ ಗೀಚುತ್ತಿದ್ದ ಸ್ಲೇಟು ಒಯ್ಯಲು ಬಂದಳು. ಜಗಳ ಮಾಡುತ್ತಾಳೆಂದು ನಾನು ಬಾಗಿಲ ಮರೆಗೆ ಸರಿದೆ. ಮುದುಕಿ ಅಕ್ಕೋರ ಎದುರು ಕೂತಳು, ಎಲೆ ಅಡಿಕೆ ಹಾಕಿಕೊಂಡಳು.

"ಮೊದಲ ಎಣಿಸಿದ್ರ ಚಲೋ ಇತ್ತು ನೋಡವಾ," ಎಂದಳು.

"ನೀನ ಬ್ಯಾಡಂದಿದ್ದಿ."

"ನಾ ಮುದುಕಿ. ನಾ ಏನರ ಅಂತೀನಿ. ಕಲತಾಕಿ ನೀ."

ಅಕ್ಕೋರು ನಕ್ಕರು ಎಂದು ನನ್ನ ನೆನಪು. ಇಬ್ಬರೂ ನಕ್ಕರು. ಆಮೇಲೆ ಮುದುಕಿ ಸ್ಲೇಟು ತೆಗೆದುಕೊಂಡು ಹೋದಳು.

ದಸರೆಯ ಮುಂಚೆ ಸಗೀರ ನಿಂತಿತು. ಯಾರೂ ಮುಚ್ಚಲಿಲ್ಲ, ಒಂದು ದಿನ ಮಕ್ಕಳಿರಲಿಲ್ಲ. ಅಕ್ಕೋರು ಅಂದೂ ಮಧ್ಯಾಹ್ನದವರೆಗೆ ಗೋಡೆಗೆ ಒರಗಿ ಕೂತಿದ್ದು, ಟ್ರಂಕು ಕಟ್ಟಿಕೊಂಡು ಕಮಲಾಪುರಕ್ಕೆ ಹೋದರು. ಸ್ಟೇಶನ್ ಬಜಾರದ ಮೋಟಾರು ನಿಲ್ಲುವ ಜಾಗದವರೆಗೆ ಟ್ರಂಕು ಹೊತ್ತದ್ದು ನಾನು. ದಾರಿಯಲ್ಲಿ ಹೇಳಬೇಕೆಂದುಕೊಂಡೆ. ಟ್ರಂಕು ಭಾರವಾಗಿತ್ತು.

ಎರಡು ವರ್ಷದ ಮೇಲೆ ಹೇಳಲೆಂದೇ ಹೋದೆ. ಕಮಲಾಪುರದಲ್ಲಿ ಮೋಟಾರು ಇಳಿದು ಕೇಳಿದರೆ, ಬಾಳೆತೋಟದ ಅಂಚಿನ ಮನೆ ತೋರಿಸಿದರು. ಅಕ್ಕೋರು ಹಿತ್ತಲಲ್ಲಿ ಕೂತು ಒಣ ಬಾಳೆಪಟ್ಟೆಯನ್ನು ಸೀಳಿ ಹಗ್ಗ ಹೊಸೆಯುತ್ತಿದ್ದರು. ಒಳಗೆ ಅತ್ತಿಗೆ ಪಾತ್ರೆಯ ಸದ್ದು ಬೇಕಾದದ್ದಕ್ಕಿಂತ ಜೋರಾಗಿ ಮಾಡುತ್ತಿದ್ದಳು. ನನ್ನನ್ನು ಕಂಡು ಅವರಿಗೆ ಆಶ್ಚರ್ಯವಾಗಲಿಲ್ಲ. ಚಾಪೆ ತೋರಿಸಿದರು. ಶಾಲೆ ಹೇಗಿದೆ ಎಂದರು. ಆ ಕೋಣೆಯಲ್ಲಿ ಈಗ ಮೂರನೆಯ ತರಗತಿ ಇದೆ ಎಂದೆ. ತಲೆಯಾಡಿಸಿದರು. ಮೋಟಾರಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹೋಗಿ, ಒಮ್ಮೆಲೇ ಹೇಳಿದೆ.

"ಅಕ್ಕೋರ, ಅವತ್ತು ಹಾಡ ಹೇಳಸಿದಾಂವ ನಾನು. ಕಮಿಟಿ ಮುಂದ ಹೇಳಬೇಕಿತ್ತು. ಹೇಳಲಿಲ್ಲ."

ಅವರ ಕೈ ನಿಲ್ಲಲಿಲ್ಲ.

"ಗೊತ್ತದಲ್ರಿ. ಹೆಡ್ ಮಾಸ್ತರಿಗೂ ಗೊತ್ತಿತ್ತು, ಸಾವಕಾರರಿಗೂ ಗೊತ್ತಿತ್ತು. ನಾ ಮ್ಯಾಲ ಅವ್ರ ಮುಂದ ಕುಂತಿದ್ದೆ. ಕೆಳಗ ಮತ್ಯಾರ ಹೇಳಸತಾರ?"

ಇಷ್ಟು ಸರಳವಾದದ್ದು ನನಗೆ ಹೊಳೆದೇ ಇರಲಿಲ್ಲ. ಎರಡು ವರ್ಷ ನಾನು ಬಚ್ಚಿಟ್ಟುಕೊಂಡದ್ದು ಯಾರಿಂದ?

"ಮತ್ತ ನೀವು ಯಾಕ..."

"ನಿಮ್ಮ ಹೆಸರ ಹೇಳಿದ್ರ ನಿಮ್ಮ ನೌಕರಿ ಹೋಗತಿತ್ತು, ಸಗೀರನೂ ಹೋಗತಿತ್ತು. ಎರಡ್ಯಾಕ?"

ಅತ್ತಿಗೆ ಒಳಗಿನಿಂದ ಏನೋ ಕೇಳಿದಳು. ಅಕ್ಕೋರು, "ಬಂದೆ," ಎಂದರು, ಆದರೆ ಏಳಲಿಲ್ಲ. ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಬಿಟ್ಟು, ಹೇಳಿದರು:

"ಹುಡುಗ್ರನ ಕೇಳಿದೆ ನಾ, ಆಕಿ ಸಾಲು ಯಾರ ಹೇಳಿದ್ರಿ ಅಂತ. ಒಬ್ಬೊಬ್ಬರನ ಕರದು, ಬಾಜೂಕ ಕುಂದರಸ್ಕೊಂಡು. ಗೌರಿ 'ನಾನ' ಅಂದ್ಲು. ಹುಸೇನ 'ನಾನ' ಅಂದ. ಬಸ್ಯಾ 'ನಾನ' ಅಂದ. ಎಲ್ಲಾರೂ 'ನಾನ ಹೇಳೀನಿ' ಅಂದ್ರು. ಶಾಬಾಸ ಅಂತಾರಂತ ಮುಖ ನೋಡ್ಕೋತ ನಿಂತ್ರು." ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ನೀವೂ ಅದನ್ನ ಹೇಳ್ಲಾಕ ಬಂದೀರೇನ್ರಿ ಮಾಸ್ತರ?"

ಚುಚ್ಚಿ ಹೇಳಿದ್ದಲ್ಲ. ಮೂರು ವರ್ಷದವನೊಬ್ಬನಿಗೆ ಕೇಳುವಂತೆ, ಬೇಸರದಿಂದ, ಸಲುಗೆಯಿಂದ ಕೇಳಿದರು. ಶಾಲೆಯವರನ್ನು ಕೇಳಿ ಮತ್ತೆ ಸಗೀರ ತೆರೆಸಲು ಪ್ರಯತ್ನಿಸುತ್ತೇನೆ ಎಂದೆ. ಅವರು, "ಬ್ಯಾಡ್ರಿ. ಸಾಕಾಗ್ಯದ," ಎಂದರು. ಸಾಕಾದದ್ದು ಮಕ್ಕಳೋ, ಶಾಲೆಯೋ, ನಾನೋ, ಅವರೂ ವಿಂಗಡಿಸಲಿಲ್ಲ.

ಹೊರಡಲು ಎದ್ದಾಗ ಅವರು ತಾವಾಗಿ ಕೇಳಿದ್ದು ಒಂದೇ ಮಾತು.

"ತಂಗೆಮ್ಮ ನಡೀತಾಳ್ರಿ?"

"ನಡೀತಾಳ. ದಿನಾ ನಮ್ಮ ಶಾಲಿ ಮುಂದ ಹೋಗತಾಳ, ಅಜ್ಜಿ ಕೂಡ. ಒಂಚೂರು ಎಳೀತಾಳ ಕಾಲು."

"ಯಾವ ಕಾಲ್ರಿ? ನಾ ಕಲ್ಲ ತಗಿಯೂಮುಂದ ಕೆಸರಿನಾಗ ತಿಳೀಲಿಲ್ಲ. ಆಮ್ಯಾಲ ಹಾಸಗಿ ಒಳಗ ನೋಡೀನಿ, ಚಾದರ ಹೊಚ್ಚಿದ್ರು."

"ಎಡಗಾಲು," ಎಂದೆ.

"ಎಡಗಾಲು," ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಮತ್ತೆ ಹಗ್ಗಕ್ಕೆ ಕೈ ಹಚ್ಚಿದರು.

ಎರಡು ದಿನದ ಮೇಲೆ ಶಾಲೆಯ ಕಟ್ಟೆಯ ಮೇಲೆ ನಿಂತಿದ್ದಾಗ ತಂಗೆಮ್ಮ ಅಜ್ಜಿಯ ಸೆರಗು ಹಿಡಿದು ಎದುರಿಗೇ ಹಾದುಹೋದಳು. ಬಲಗಾಲು. ಮೂಲೆ ತಿರುಗುವವರೆಗೂ ನೋಡಿದೆ, ಬಲಗಾಲೇ. ಅದನ್ನು ತಿಳಿಸಲು ನಾನು ಕಮಲಾಪುರಕ್ಕೆ ಮತ್ತೆ ಹೋಗಲಿಲ್ಲ.